ಉಪವಾಸದ ತೂಕಕ್ಕೆ ಕಟ್ಟಿದ ಸಬ್‌ಮರೀನ್

ನನ್ನ ಹೆಂಡತಿ ಫ್ರೋಸೊಳ ದನಿ ನಮ್ಮ ಮನೆಯ ಅಟ್ಟಕ್ಕೆ ಕೇಳುತ್ತದೆ, ನೆಲಮಾಳಿಗೆಗೆ ಕೇಳುತ್ತದೆ, ಗಾಳಿ ಅನುಕೂಲವಾಗಿದ್ದರೆ ದಕ್ಕೆಯ ಕಾಫಿ ಅಂಗಡಿಗೂ ಕೇಳುತ್ತದೆ. ಕೊರಿಂಥ್ ಕೊಲ್ಲಿಯ ಈ ದಡದಲ್ಲಿ ಆ ದನಿ ತಲುಪದ ಒಣನೆಲ ಇಲ್ಲವೆಂದು ಖಚಿತವಾದ ಮೇಲೆ ನಾನು ಸಬ್‌ಮರೀನ್ ಕಟ್ಟಲು ತೀರ್ಮಾನಿಸಿದೆ. (ನೀರು ಗಾಳಿಗಿಂತ ಚೆನ್ನಾಗಿ ಶಬ್ದ ಸಾಗಿಸುತ್ತದೆ ಎಂದು ನನಗೆ ಗೊತ್ತು. ಊರಿನ ಅರ್ಧ ಜನಕ್ಕೆ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಆದರೆ ಆಸೆ ಹುಟ್ಟಿದ ಮನುಷ್ಯ ಭೌತಶಾಸ್ತ್ರ ಕೇಳುವುದಿಲ್ಲ.)

ಮುಚ್ಚಿಹೋದ ಹೋಟೆಲೊಂದರ ಬಿಸಿನೀರಿನ ಟ್ಯಾಂಕು ಸಿಕ್ಕಿತು. ಅದಕ್ಕೆ ಮೇಲೊಂದು ಮುಚ್ಚಳ, ಮುಂದೆ ದಪ್ಪ ಗಾಜಿನ ಕಿಟಕಿ, ಹಿಂದೆ ಮೋಟಾರು. ಫ್ರೋಸೊ ಬಟ್ಟೆ ಒಣಹಾಕುತ್ತಿದ್ದ ಅಂಗಳವನ್ನು ನನ್ನ ಜಲಾಂತರ್ಗಾಮಿ ಪೂರ್ತಿ ಆಕ್ರಮಿಸಿತು. ಆ ಚಳಿಗಾಲವೆಲ್ಲ ನಮ್ಮ ಹಾಸಿಗೆ ಬಟ್ಟೆಗಳು ಅಡುಗೆಮನೆಯಲ್ಲಿ ಒಣಗಿದವು. ರಾತ್ರಿ ಹೊದ್ದರೆ ಈರುಳ್ಳಿಯ ವಾಸನೆ.

"ಆರ್ಗಿರಿಸ್, ಈ ಡಬ್ಬಿ ಯಾವಾಗ ತೊಲಗುತ್ತೆ?"

"ಇದು ಡಬ್ಬಿ ಅಲ್ಲ."

"ಮುಚ್ಚಳ ಇದೆ, ಒಳಗೆ ಏನೂ ಇಲ್ಲ. ಇನ್ನೇನನ್ನೋದು?"

"ಈಸ್ಟರ್ ಕಳೀಲಿ. ಇಡೀ ಊರಿನ ಮುಂದೆ ಮುಳುಗಿ ತೋರಿಸ್ತೀನಿ."

"ಮುಳುಗೋದು ಯಾರಿಗೆ ಬರಲ್ಲ? ಮೇಲೆ ಬಾ, ನೋಡೋಣ."

ಹೀಗೆ ಒಪ್ಪಂದವಾಯಿತು. ಯಾರ ಸಹಾಯವೂ ಇಲ್ಲದೆ ಮುಳುಗಿ, ಯಾರ ಸಹಾಯವೂ ಇಲ್ಲದೆ ಮೇಲೆ ಬಂದರೆ ಸಬ್‌ಮರೀನೂ ಅಂಗಳವೂ ಶಾಶ್ವತವಾಗಿ ನನ್ನವು. ಬರದಿದ್ದರೆ ಡಬ್ಬಿ ಅವಳದು; ಕೊಯ್ದು ಕೋಳಿಗೂಡು ಮಾಡಿದರೂ ನಾನು ಉಸಿರೆತ್ತುವಂತಿಲ್ಲ. ಅವಳ ತಮ್ಮ, ಮೀನುಗಾರ ಪಾಂದೆಲಿಸ್ ಸಾಕ್ಷಿ. ಅವನು ಸಾಕ್ಷಿ ಎಂದರೆ ಸಂಜೆಯೊಳಗೆ ಬಂದರಿಗೆಲ್ಲ ಗೊತ್ತು ಎಂದರ್ಥ.

ಸಬ್‌ಮರೀನಿನ ಜೀವವಿರುವುದು ಮೋಟಾರಿನಲ್ಲಲ್ಲ, ಭಾರದಲ್ಲಿ. ಅಕ್ಕಪಕ್ಕ ಎರಡು ತೊಟ್ಟಿಗಳು. ವಾಲ್ವ್ ತಿರುಗಿಸಿದರೆ ಸಮುದ್ರದ ನೀರು ಒಳಗೆ ಬರುತ್ತದೆ, ನೀವು ಕೆಳಗೆ ಹೋಗುತ್ತೀರಿ. ಸಿಲಿಂಡರಿನ ಗಾಳಿ ಬಿಟ್ಟರೆ ನೀರು ಹೊರಗೆ ಹೋಗುತ್ತದೆ, ನೀವು ಮೇಲೆ ಬರುತ್ತೀರಿ. ತೊಟ್ಟಿಗಳು ಖಾಲಿಯಿದ್ದಾಗ ಇಡೀ ನೌಕೆ, ಒಳಗಿರುವ ಮನುಷ್ಯನ ಸಮೇತ, ನೀರಿಗಿಂತ ಸ್ವಲ್ಪವೇ ಹಗುರವಿರಬೇಕು. ಅಷ್ಟಾಗುವಂತೆ ತಳಕ್ಕೆ ಸೀಸದ ತುಂಡುಗಳನ್ನು ಬಿಗಿಯಬೇಕು. ಬೇರೆ ದೇಶಗಳಲ್ಲಿ ಇದೇ ಹುಚ್ಚು ಹಿಡಿದವರು ಅಂತರ್ಜಾಲದಲ್ಲಿ ಬುದ್ಧಿ ಹೇಳಿದರು: ತೊಟ್ಟಿಗಳನ್ನು ದೊಡ್ಡದಾಗಿ ಮಾಡು, ಆಪತ್ತಿನಲ್ಲಿ ಕಳಚಿ ಬೀಳಿಸಲು ಒಂದಷ್ಟು ಸೀಸ ಬೇರೆಯಾಗಿ ಇಡು. ನನಗೆ ನಗು ಬಂತು. ಅವೆಲ್ಲ ಲೆಕ್ಕ ಬಾರದವರಿಗೆ. ನಾನು ನೀರಿನ ಕೊಡದಷ್ಟೇ ಚಿಕ್ಕ ತೊಟ್ಟಿಗಳನ್ನು ಮಾಡಿದೆ, ಕಳಚುವ ಸೀಸ ಇಡಲೇ ಇಲ್ಲ, ನನ್ನ ಭಾರಸಮತೋಲನ ಮಹಾವ್ಯವಸ್ಥೆಯನ್ನು ಊಟದ ಹೊತ್ತಿನಲ್ಲಿ ಫ್ರೋಸೊಳಿಗೆ ದಿನಾ ವಿವರಿಸಿದೆ. ಅವಳು ಕಾಳು ಆರಿಸುತ್ತ ಹೂಂಗುಟ್ಟುತ್ತಿದ್ದಳು.

ಕಾಳು ಎಂದೆನಲ್ಲ, ಅದು ಈಸ್ಟರಿಗೆ ಮುಂಚಿನ ಮಹಾ ಉಪವಾಸದ ಕಾಲ. ಬೇರೆ ಮನೆಗಳಲ್ಲಿ ಉಪವಾಸವೆಂದರೆ ಒಂದು ಸಂಕಲ್ಪ ಅಷ್ಟೆ. ನಮ್ಮ ಮನೆಯಲ್ಲಿ ಅದು ಕಾನೂನು. ಮಾಂಸವಿಲ್ಲ, ಮೊಟ್ಟೆಯಿಲ್ಲ, ಹಾಲಿಲ್ಲ, ಚೀಸಿಲ್ಲ, ಹೆಚ್ಚಿನ ದಿನ ಎಣ್ಣೆಯೂ ಇಲ್ಲ. ಮಸೂರದ ಸಾರು, ಕಡಲೆಕಾಳು, ಬೇಯಿಸಿದ ಸೊಪ್ಪು, ಮತ್ತೆ ಮಸೂರ. ಉಪವಾಸದ ಕೊನೆಯ ವಾರ ಔಷಧದ ಅಂಗಡಿಯ ತಕ್ಕಡಿಯ ಮೇಲೆ ನಿಂತೆ. ಎಪ್ಪತ್ತೆಂಟು ಕಿಲೊ. ಮದುವೆಯಾದ ವರ್ಷದ ನಂತರ ಇಂಥ ಸಂಖ್ಯೆಯನ್ನು ಕಂಡಿರಲಿಲ್ಲ. ಖುಷಿಯಿಂದ ಆ ಎಪ್ಪತ್ತೆಂಟಕ್ಕೇ ಸೀಸ ಬಿಗಿದು, ನಟ್ಟುಗಳ ಮೇಲೆ ಬಣ್ಣ ಹೊಡೆದುಬಿಟ್ಟೆ.

ಆಮೇಲೆ ಈಸ್ಟರ್ ಬಂತು. ನಡುರಾತ್ರಿಯ ಪೂಜೆ ಮುಗಿಸಿ ಬಂದು ಕುರಿಯ ಕರುಳಿನ ಸೂಪಿಗೆ ಕುಳಿತವನು ವಾರವಿಡೀ ಎದ್ದ ನೆನಪಿಲ್ಲ. ಕೆಂಡದ ಮೇಲೆ ತಿರುಗಿದ ಇಡೀ ಕುರಿಮರಿ, ಕೆಂಪು ಬಣ್ಣದ ಮೊಟ್ಟೆಗಳು, ಬೆಣ್ಣೆ ಸುರಿಯುವ ಸಿಹಿ ಬ್ರೆಡ್ಡು, ಚೀಸ್ ತುಂಬಿದ ಪೀಟಾ. ದೇವರು ಎದ್ದು ಬಂದ ಸಂತೋಷ ನನ್ನ ಸೊಂಟದಲ್ಲಿ ಎದ್ದು ಕಾಣುತ್ತಿತ್ತು.

ಈಸ್ಟರಿನ ಮರುವಾರದ ಭಾನುವಾರ ಊರೆಲ್ಲ ದಕ್ಕೆಯಲ್ಲಿ ಸೇರಿತು. ನಾನು ಮುಚ್ಚಳದೊಳಗೆ ಇಳಿಯುವಾಗ ನಡುವಲ್ಲಿ ಸ್ವಲ್ಪ ಸಿಕ್ಕಿಕೊಂಡೆ. ಪಾಂದೆಲಿಸ್ ಭುಜ ಒತ್ತಿ ಒಳಗೆ ತುರುಕಿದ. ಹಿಂದೆಯೇ ಫ್ರೋಸೊ ಒಂದು ಬುಟ್ಟಿ ಇಳಿಸಿದಳು.

"ಇದೇನು?"

"ಪೀಟಾ, ಮಾಂಸ, ಒಂದಿಷ್ಟು ಮೊಟ್ಟೆ. ಹಸಿವಾದ್ರೆ?"

"ಹತ್ತು ನಿಮಿಷದಲ್ಲಿ ಬರ್ತೀನಿ ಕಣೆ."

"ಅಲ್ಲಿ ಕೆಳಗೆ ಅಂಗಡಿ ಇದೆಯಾ? ಇಲ್ಲ ತಾನೆ? ಇಟ್ಕೋ."

ಅಷ್ಟು ಜನರ ಮುಂದೆ ಬುಟ್ಟಿಗಾಗಿ ಜಗಳವಾಡುವುದು ಒಬ್ಬ ಕ್ಯಾಪ್ಟನ್ನಿಗೆ ಶೋಭೆಯಲ್ಲ. ಬುಟ್ಟಿಯನ್ನು ಮುಂದೆ ಮೂತಿಯ ಕಡೆ ತಳ್ಳಿದೆ. ಪಾಂದೆಲಿಸ್ ಹೇಳಿದ: "ಭಾವಾ, ಹಿಂದೆ ಕಟ್ಟಿರೋ ಹಗ್ಗ ಬಿಚ್ಚಲ್ಲ. ಅಕ್ಕ ಬೇಡ ಅಂದಿದ್ದಾಳೆ. ಬೇಕಾದ್ರೆ ಸುತ್ತಿಗೇಲಿ ಎರಡು ಸಲ ಬಡೀರಿ, ಎಳೀತೀವಿ."

"ಬಡಿಯೋ ಪ್ರಸಂಗವೇ ಬರಲ್ಲ" ಎಂದು ಮುಚ್ಚಳ ಹಾಕಿಕೊಂಡೆ.

ಕ್ರೇನು ನನ್ನನ್ನು ನೀರಿಗಿಳಿಸಿ ಕೊಕ್ಕೆ ಬಿಟ್ಟಿತು. ನಾನಿನ್ನೂ ವಾಲ್ವ್ ಮುಟ್ಟಿರಲಿಲ್ಲ. ಕಿಟಕಿಯಾಚೆ ದಕ್ಕೆಯ ಕಲ್ಲುಗಳು ಒಂದೊಂದಾಗಿ ಮೇಲಕ್ಕೆ ಹೋಗತೊಡಗಿದವು. ಅವು ಮೇಲೆ ಹೋಗುತ್ತಿವೆ ಎಂದರೆ ನಾನು ಕೆಳಗೆ ಹೋಗುತ್ತಿದ್ದೇನೆ ಎಂದು ಹೊಳೆಯುವುದರೊಳಗೆ ತಳ ಮುಟ್ಟಿ ಧೊಪ್ಪನೆ ಕುಳಿತೆ. ಮೇಲೆ ಚಪ್ಪಾಳೆ ಬಿತ್ತಂತೆ. ಎಷ್ಟು ಸಲೀಸಾಗಿ ಮುಳುಗಿದ ಮೇಷ್ಟ್ರು ಎಂದು ಮೆಚ್ಚಿಕೊಂಡರಂತೆ.

ಗಾಳಿ ಬಿಟ್ಟೆ. ಖಾಲಿ ತೊಟ್ಟಿಗೆ ಇನ್ನಷ್ಟು ಗಾಳಿ ಹೋಗಿ ಗುಳುಗುಳು ಎಂದು ಹೊರಗೆ ಬಂತು. ನೌಕೆ ಕದಲಲಿಲ್ಲ. ಆಗ ಅರ್ಥವಾಯಿತು: ಸೀಸ ಬಿಗಿದದ್ದು ಉಪವಾಸದ ಆರ್ಗಿರಿಸನಿಗೆ, ಕುಳಿತಿರುವುದು ಹಬ್ಬದ ಆರ್ಗಿರಿಸ್.

ಸುತ್ತಿಗೆ ಕೈಯಲ್ಲೇ ಇತ್ತು. ಆದರೆ ಬಡಿದರೆ ಸಬ್‌ಮರೀನು ಹೋಯಿತು, ಕೋಳಿಗಳು ಬಂದವು. ನನಗೆ ನಿಜವಾಗಿಯೂ ಅಳು ಬಂತು. ಒಂದು ವರ್ಷದ ಕೆಲಸ ಅದು. ಅದರ ಪ್ರತಿಯೊಂದು ಬೆಸುಗೆ ನನಗೆ ಹೆಸರು ಹಿಡಿದು ಕರೆಯುವಷ್ಟು ಗೊತ್ತು. ಭಾರ ಕಡಿಮೆ ಮಾಡಬೇಕು, ಅಷ್ಟೇ. ಏನನ್ನು ಕಡಿಮೆ ಮಾಡಲಿ ಎಂದು ಸುತ್ತ ನೋಡಿದೆ. ಬುಟ್ಟಿ ಕಂಡಿತು.

ತಿನ್ನತೊಡಗಿದೆ. ಪೀಟಾ ಮುಗಿಸಿ ಕಿವಿಗೊಟ್ಟೆ, ಏನೂ ಇಲ್ಲ. ಮಾಂಸ ಮುಗಿಸಿದೆ. ಬೆವರುತ್ತ ಮೊಟ್ಟೆಗಳ ಸಿಪ್ಪೆ ಸುಲಿದೆ. ನಾಲ್ಕನೆಯ ಮೊಟ್ಟೆ ಗಂಟಲಲ್ಲಿರುವಾಗ ನನಗೆ, ಅಂದರೆ ಈ ಊರಿಗೆ ದ್ರವ್ಯದ ನಿತ್ಯತೆಯನ್ನು ಬೋಧಿಸಿದ ನನಗೆ, ಒಂದು ಸಂಗತಿ ನೆನಪಾಯಿತು. ಬುಟ್ಟಿಯಲ್ಲಿದ್ದ ಭಾರ ನನ್ನ ಹೊಟ್ಟೆಗೆ ಬಂದಿದೆಯೇ ಹೊರತು ಹಡಗಿನಿಂದ ಹೊರಗೆ ಹೋಗಿಲ್ಲ. ಮುಂದಿದ್ದದ್ದು ಹಿಂದೆ ಬಂದಿತ್ತು, ಅಷ್ಟೇ. ಅದೇ ಹೊತ್ತಿಗೆ ಮೂತಿ ಮೆಲ್ಲಗೆ ಮೇಲೆದ್ದಿತು, ಬಾಲ ಮರಳಿಗೆ ಊರಿತು, ನಾನು ಅಂಗಾತ ಜಾರಿ ಮೋಟಾರಿಗೆ ಬೆನ್ನು ಕೊಟ್ಟು ಆಕಾಶದ ಕಡೆ ಕಾಲು ಚಾಚಿ ಮಲಗಿದೆ. ಎರಡು ಸಲ ಬಡಿದೆ.

ಎಳೆದು ಹಾಕಿದರು. ನಾನು ಹೊರಗೆ ಬರುವಾಗ ಇಳಿಯುವಾಗಿನದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಫ್ರೋಸೊ ಮೊದಲು ನನ್ನ ಮುಖ ಮುಟ್ಟಿ ನೋಡಿದಳು, ಆಮೇಲೆ ಬುಟ್ಟಿ.

"ಪೂರ್ತಿ ತಿಂದೆಯಾ?"

"ಲೆಕ್ಕ ಸರಿ ಇದೆ ಫ್ರೋಸೊ. ಊಟ ಜಾಸ್ತಿ ಆಯ್ತು. ಎಪ್ಪತ್ತೆಂಟು ಕಿಲೊ ಮನುಷ್ಯ ಕೂತಿದ್ರೆ ಹೂವಿನ ಹಾಗೆ ಮೇಲೆ ಬರ್ತಿತ್ತು."

"ಎಪ್ಪತ್ತೆಂಟಾ?"

"ಎಪ್ಪತ್ತೆಂಟು."

ಅವಳು ತೆರೆದ ಮುಚ್ಚಳದ ಕಡೆ ತಿರುಗಿದಳು. "ಡಬ್ಬಿ ಈಗ ನನ್ನದು ತಾನೆ?"

"ನಿನ್ನದೇ" ಎಂದ ಪಾಂದೆಲಿಸ್, ಸಾಕ್ಷಿಯಾಗಿ.

ಫ್ರೋಸೊ ಚಪ್ಪಲಿ ಬಿಟ್ಟು, ಲಂಗ ಎತ್ತಿ ಕಟ್ಟಿ ಒಳಗಿಳಿದು ಕುಳಿತಳು. ಇಷ್ಟು ವರ್ಷ ಸಂಸಾರ ಮಾಡಿದರೂ ನನಗೆ ತಿಳಿಯದ ಅವಳ ತೂಕ ಆ ಮಧ್ಯಾಹ್ನ ಇಡೀ ಊರಿಗೆ ತಿಳಿಯಿತು. ನೌಕೆ ಮುಚ್ಚಳವನ್ನಷ್ಟೇ ಮೇಲಿಟ್ಟುಕೊಂಡು ತೇಲಿತು, ಅವಳು ವಾಲ್ವ್ ತಿರುಗಿಸಿದಾಗ ಮುಳುಗಿತು, ಗಾಳಿ ಬಿಟ್ಟಾಗ ಎದ್ದಿತು. ಮತ್ತೆ ಮುಳುಗಿತು. ಈ ಸಲ ಬಹಳ ಹೊತ್ತು ಬರಲಿಲ್ಲ. ನಾನು ದಕ್ಕೆಯ ಅಂಚಿನಲ್ಲಿ ಮಂಡಿಯೂರಿ ಅವಳ ಹೆಸರು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡೆ.

ಮೇಲೆ ಬಂದವಳ ಮುಖ ಕಳೆಕಳೆಯಾಗಿತ್ತು. "ಏನಾಯ್ತೆ?" ಎಂದೆ.

"ಏನೂ ಇಲ್ಲ. ಚೆನ್ನಾಗಿತ್ತು" ಎಂದಳು. "ನನ್ನ ಕಾಲುಚೀಲ ಎಲ್ಲಿ ಫ್ರೋಸೊ ಅಂತ ಯಾರೂ ಕೇಳಲಿಲ್ಲ."

ಈಗ ದಿನಾ ಮಧ್ಯಾಹ್ನ ಅವಳು ಹೆಣಿಗೆ ಹಿಡಿದು ಕೆಳಗೆ ಹೋಗುತ್ತಾಳೆ. ನಾನು ಹಗ್ಗ ಹಿಡಿದು ದಡದಲ್ಲಿ ಕೂರುತ್ತೇನೆ. ಒಮ್ಮೆ ನನಗೂ ಕೊಡು ಎಂದು ಬೇಡಿದೆ. "ಅಯ್ಯೋ, ಬೇಡ ಅಂದೆನಾ? ಎಪ್ಪತ್ತೆಂಟಕ್ಕೆ ಬಾ, ತಗೊಂಡು ಹೋಗು" ಎಂದಳು. ಎಷ್ಟು ಒಳ್ಳೆಯ ಹೆಂಗಸು ಎಂದುಕೊಂಡೆ. ಅಂದಿನಿಂದ ನಮ್ಮ ಮನೆಯಲ್ಲಿ ಬೆಳಿಗ್ಗೆ ಚೀಸ್ ಪೀಟಾ, ಮಧ್ಯಾಹ್ನ ಬೆಣ್ಣೆಯಲ್ಲಿ ಬೆಂದ ಕುರಿಮಾಂಸ, ಸಂಜೆ ಜೇನು ಸುರಿದ ಬಜ್ಜಿ. "ತಿನ್ನು, ಸೊರಗಿ ಹೋಗಿದೀಯ" ಎಂದು ಪ್ರೀತಿಯಿಂದ ಬಡಿಸುತ್ತಾಳೆ. ಈ ಪ್ರೀತಿಯ ಭಾರಸಮತೋಲನ ನನಗೆ ಅರ್ಥವಾಗಲು ಎರಡು ವಾರ ಹಿಡಿಯಿತು. ಅರ್ಥವಾದ ದಿನವೇ ತಟ್ಟೆಯನ್ನು ಆಚೆ ಸರಿಸಿ, ಎದೆಯುಬ್ಬಿಸಿ, "ನಿನ್ನ ಉಪಾಯ ಗೊತ್ತಾಯ್ತು, ಇನ್ನು ಒಂದು ತುತ್ತೂ ತಿನ್ನಲ್ಲ" ಎಂದೆ.

"ಸರಿ ಬಿಡು, ಪಾಂದೆಲಿಸನಿಗೆ ಕಳಿಸ್ತೀನಿ" ಎಂದು ಅವಳು ತಟ್ಟೆಗೆ ಕೈ ಹಾಕಿದಳು.

ಮಾಂಸದಿಂದ ಇನ್ನೂ ಹಬೆ ಏಳುತ್ತಿತ್ತು. ತಟ್ಟೆಯ ಇನ್ನೊಂದು ಅಂಚನ್ನು ನಾನೇ ಹಿಡಿದುಕೊಂಡೆ.