ನನ್ನ ಇಂಗ್ಲಿಷಿಗೆ ಬಲಿಯಾದ ರುದ್ರವ್ವತ್ತೆ

ಮುಂಬೈಯ ಭಾಂಡುಪಿನ ನಮ್ಮ ಚಾಳಿನ ನಲವತ್ತು ಖೋಲಿಗಳಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ! ಇದು ಬಡಾಯಿಯಲ್ಲ. ಹನ್ನೊಂದು ವರ್ಷದಿಂದ ಕಂಪನಿಯ ಆಫೀಸಿನಲ್ಲಿ ‘ಯುವರ್ ಮೋಸ್ಟ್ ಒಬೀಡಿಯೆಂಟ್ ಸರ್ವಂಟ್’ ಎಂದು ಬರೆದೂ ಬರೆದೂ ನನ್ನ ಹೆಬ್ಬೆರಳು ಸೊಟ್ಟಗಾಗಿದೆ. ಆದ್ದರಿಂದ ನನ್ನ ತಂಗಿ ಶರಣವ್ವನನ್ನು ನೋಡಲು ಬರುವ ಗಂಡಿನವರು ‘ಹುಡುಗಿಗೆ ತುಸು ಇಂಗ್ಲಿಷ್ ಬರಬೇಕು’ ಎಂದು ಹೇಳಿಕಳಿಸಿದಾಗ ನಾನು ಎದೆ ತಟ್ಟಿಕೊಂಡೆ.

“ಐತವಾರ ಮುಂಜಾನೆ ಒಂದ ತಾಸು ಸಾಕು. ಶರಣಿಗೆ ಇಂಗ್ಲಿಷ್ ಅರದು ಕುಡಿಸಿಬಿಡ್ತೀನಿ!”

“ಹತ್ತಕ್ಕ ಅವರು ಬರ್ತಾರ,” ಎಂದಳು ಹೆಂಡತಿ ಚಂದ್ರವ್ವ. “ಮೊದಲ ಎರಡು ಸಂಬಂಧ ತಪ್ಪ್ಯಾವ. ಇದೂ ತಪ್ಪಿದರ ಅಕೀ ಮಾರಿ ನೋಡೂದು ನನ್ನ ಕೈಲಿ ಆಗೂದಿಲ್ರಿ.”

ಗಂಡಿನ ಫೋಟೋ ಬಂದಾಗಿನಿಂದ ಶರಣವ್ವ ಅದನ್ನು ಟ್ರಂಕಿನಿಂದ ತೆಗೆಯುವುದು, ನೋಡುವುದು, ಮತ್ತೆ ಒಳಗಿಡುವುದು ನಡೆದೇ ಇತ್ತು.

ಪಾಠಕ್ಕೆ ನಾನು ಆರಿಸಿದ ಗ್ರಂಥ, ಫೋರ್ಟಿನ ಫುಟ್‌ಪಾತಿನಲ್ಲಿ ಕೊಂಡ ಹಳೆಯ ಅಮೆರಿಕದ ಕಾಮಿಕ್ ಪುಸ್ತಕ. ಮೈಗಂಟಿದ ಹಸಿರು ಪೈಜಾಮದ ವೀರನೊಬ್ಬ ಆಕಾಶದಲ್ಲಿ ಹಾರುತ್ತಾನೆ. ಅವನಿಗೊಬ್ಬಳು ಪ್ರೇಯಸಿ. ಪ್ರೇಮದ ಮಾತು ಅವನ ಬಾಯಿಗೆ ಬರುವಷ್ಟರಲ್ಲಿ ಎಲ್ಲೋ ಲಿಫ್ಟು ಕಳಚಿ ಬೀಳುತ್ತದೆ! ಅದನ್ನು ಹಿಡಿದು ನಿಲ್ಲಿಸಿ ಬಂದು ಮತ್ತೆ ಬಾಯಿ ತೆರೆದರೆ ಬಾಯ್ಲರ್ ಸಿಡಿಯುತ್ತದೆ! ಪಾಪ, ಎಂಟು ಪುಟ ಕಳೆದರೂ ಅವನ ಮಾತು ಮುಗಿದಿರಲಿಲ್ಲ.

“ಆ ಇಂಗ್ಲಿಷ್ ಹೆಸರು ನನ್ನ ನಾಲಿಗಿಗೆ ಹೊರಳೂದಿಲ್ಲ. ನಮ್ಮ ಹೆಸರು ಇಟ್ಟು ಹೇಳ್ರಿ,” ಎಂದಳು ಚಂದ್ರವ್ವ.

ಸರಿ, ವೀರನಿಗೆ ಸಂಗಪ್ಪ ಎಂದು ನಾಮಕರಣ ಮಾಡಿದೆ. ಪ್ರೇಯಸಿ ಸೊಂಟದ ಮೇಲೆ ಕೈಯಿಟ್ಟು ನಿಂತ ಠೀವಿ ಥೇಟ್ ನಮ್ಮ ಸೋದರತ್ತೆಯದೇ. ಈ ಸಂಬಂಧ ತಂದವಳೂ ಅದೇ ಅತ್ತೆ. ಹಾಗಾಗಿ ಪ್ರೇಯಸಿಗೆ ಅತ್ತೆಯ ಹೆಸರೇ ಬಿತ್ತು: ರುದ್ರವ್ವ.

ಕೊನೆಯ ಪುಟದಲ್ಲಿ ಸೇತುವೆ ಮುರಿದು ರೈಲು ನದಿಗೆ ಬಿದ್ದಿತ್ತು. ಕಣ್ಣು ಮುಚ್ಚಿ ಒರಗಿದ ಪ್ರೇಯಸಿಯನ್ನು ತಬ್ಬಿಕೊಂಡು ವೀರ ಕಣ್ಣೀರು ಸುರಿಸುತ್ತಿದ್ದ. ಅಕ್ಷರ ಬಹಳ ಸಣ್ಣವು, ಅವನ್ನು ಓದುವ ಅಗತ್ಯವೇ ನನಗೆ ಕಾಣಲಿಲ್ಲ. ನಾಟಕ ಕಂಪನಿಯವರ ದನಿ ತೆಗೆದು ಕೂಗಿದೆ:

“ಅಯ್ಯೋ! ರೈಲು ಅಪಘಾತದಾಗ ರುದ್ರವ್ವ ಹೋಗಿಬಿಟ್ಟಳು! ರುದ್ರವ್ವಾ, ನಮ್ಮನ್ನ ಬಿಟ್ಟು ಹೋದ್ಯಾ!”

“ಅಣ್ಣಾ, ಅಲ್ಲಿ ಹಂಗ ಬರದಿಲ್ಲ...” ಎಂದಳು ಶರಣವ್ವ.

“ಮಾಸ್ತರ ಯಾರು, ನೀನೋ ನಾನೋ? ಸುಮ್ಮನ ಕೂಡು!”

ಪಾಠ ಮುಗಿಯಿತು. ನಾನು ಗಂಡಿನವರನ್ನು ಕರೆತರಲು ಸ್ಟೇಶನ್ನಿಗೆ ಓಡಿದೆ. ಚಂದ್ರವ್ವ ಖೋಲಿಗೆ ಬೀಗ ಹಾಕಿ, ಶರಣವ್ವನಿಗೆ ಹೂವಿನ ಜಡೆ ಹಾಕಿಸಲು ಹಿಂದಿನ ಚಾಳಿಗೆ ಕರೆದುಕೊಂಡು ಹೋದಳು.

ಇನ್ನು ನಮ್ಮ ಪಕ್ಕದ ಖೋಲಿಯ ಗದಿಗೆಪ್ಪನ ವಿಷಯ. ನಮ್ಮಿಬ್ಬರ ನಡುವೆ ಇರುವುದು ಹಲಗೆಯ ಗೋಡೆ. ಅತ್ತೆ ಕಳೆದ ದೀಪಾವಳಿಗೆ ಬಂದಾಗ ಅವನ ಮನೆಗೂ ಚಕ್ಕುಲಿ ಕರಿದುಕೊಟ್ಟಿದ್ದಳು. ಗಡ್ಡ ಬೋಳಿಸುತ್ತ ಕೂತ ಗದಿಗೆಪ್ಪ ನನ್ನ ಕೂಗು ಕೇಳಿ, ಅಂಗಿ ಹುಡುಕಿ ಹಾಕಿಕೊಂಡು ಅರ್ಧ ಗಡ್ಡದಲ್ಲೇ ಓಡಿಬರುವಷ್ಟರಲ್ಲಿ ಬಾಗಿಲಿಗೆ ಬೀಗ! ‘ಮಣ್ಣು ಮಾಡಲು ಊರಿಗೆ ಓಡಿದರು’ ಎಂದು ತೀರ್ಮಾನಿಸಿದ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸಬಾರದಲ್ಲ, ಪಾಪ ಒಳ್ಳೆಯ ಮನುಷ್ಯ, ನಾವು ಬಂದ ಮೇಲೆ ಉಣ್ಣಲೆಂದು ಹೆಂಡತಿಯಿಂದ ರೊಟ್ಟಿಯನ್ನೂ ತಟ್ಟಿಸಿಟ್ಟ.

ಗಂಡು, ಅವನ ತಂದೆ ನೀಲಕಂಠಪ್ಪ, ಮುಂಚಿನ ದಿನವೇ ಊರಿಂದ ಬಂದು ಅವರ ಮನೆಯಲ್ಲಿ ಇಳಿದಿದ್ದ ರುದ್ರವ್ವತ್ತೆ ಎಲ್ಲರನ್ನೂ ನಾನು ಸ್ಟೇಶನ್ನಿನಿಂದ ಕರೆದುಕೊಂಡು ಬಂದೆ. ಮಂಡಿನೋವಿನ ಅತ್ತೆ ಮೆಟ್ಟಿಲಲ್ಲಿ ಹಿಂದೆ ಉಳಿದಳು. ಮೇಲೆ ಖೋಲಿಗಳ ಮುಂದಿನ ಗ್ಯಾಲರಿ ತುಂಬ ಹೆಂಗಸರು! ಗದಿಗೆಪ್ಪ ಅರ್ಧ ಗಡ್ಡದಲ್ಲಿ ನನ್ನನ್ನು ತಬ್ಬಿಕೊಂಡ.

“ಇನ್ನೂ ಊರಿಗೆ ಹೋಗಿಲ್ಲೇನ್ರಿ? ಎಂಥಾ ಹೊತ್ತು ಬಂತ್ರೀ! ರುದ್ರವ್ವ ಹೋಗಿಬಿಟ್ರಲ್ರೀ!”

ನೀಲಕಂಠಪ್ಪ ಹೌಹಾರಿದ. “ರುದ್ರವ್ವ? ಈಗ ನಮ್ಮ ಮನ್ಯಾಗ ಎರಡು ಸಲ ಉಪ್ಪಿಟ್ಟು ಹಾಕಿಸ್ಕೊಂಡ್ರಲ್ಲೋ!”

ಅಷ್ಟರಲ್ಲಿ ಗದಿಗೆಪ್ಪನ ಹೆಂಡತಿ ನಮ್ಮ ಕಡೆಯ ರೂಢಿಯಂತೆ ಸತ್ತವರ ಗುಣ ಹಾಡಿಕೊಂಡು ಅಳತೊಡಗಿದಳು: “ಚಕ್ಕುಲಿ ಕರದು ಕೊಟ್ಟಾಕಿ, ರುದ್ರವ್ವಾ! ಕರ್ಣನಂಥಾ ಕೈಯಾಕಿ, ರುದ್ರವ್ವಾ!”

ಏದುಸಿರು ಬಿಡುತ್ತ ಮೇಲೆ ಬಂದ ಅತ್ತೆ ನಿಂತು ಕೇಳಿದಳು. ನಾನು ಬಾಯಿ ತೆರೆಯಹೋದರೆ ಕೈ ಎತ್ತಿ ತಡೆದಳು. “ತಡಿಯೋ, ಪೂರಾ ಕೇಳೂಣು.”

“ಬಾಯಿ ಗಯ್ಯಾಳಿ ಆದ್ರೂ ಮನಸು ಬಂಗಾರ, ರುದ್ರವ್ವಾ!”

“ಯಾರ ಬಾಯಿ ಗಯ್ಯಾಳಿ?” ಎಂದು ಗರ್ಜಿಸಿದಳು ಅತ್ತೆ.

ಗ್ಯಾಲರಿ ಒಂದೇ ಕ್ಷಣದಲ್ಲಿ ಖಾಲಿ! ಗದಿಗೆಪ್ಪ ನೀರಿನ ಡ್ರಮ್ಮಿನ ಹಿಂದೆ ಕೂತು ನಡುಗುತ್ತ ನಾನು ಕೂಗಿದ್ದನ್ನೆಲ್ಲ ಹೇಳಿದ. ಅತ್ತೆ ನನ್ನ ಕಡೆ ತಿರುಗಿದಳು.

“ನನ್ನ ಕೊಂದಾಂವ ನೀನ? ನಾ ಸತ್ತ ಮನ್ಯಾಗ ಇನ್ಯಾವ ಲಗ್ನದ ಮಾತು! ನಡೀರಿ ನೀಲಕಂಠಪ್ಪ!”

ನೀಲಕಂಠಪ್ಪ ಬಾಗಿಲ ಮುಂದೆ ಬಿಟ್ಟಿದ್ದ ಚಪ್ಪಲಿಗೆ ಕಾಲು ತೂರಿಸಿಯೇಬಿಟ್ಟ. ಆಗಲೇ ಜಡೆಯ ತುಂಬ ಹೂ ಮುಡಿದು ಚಂದ್ರವ್ವನೊಡನೆ ಮೆಟ್ಟಿಲು ಹತ್ತಿ ಬಂದ ಶರಣವ್ವ, ಹೊರಟು ನಿಂತ ಅವರನ್ನು ಕಂಡು ಕೊನೆಯ ಮೆಟ್ಟಿಲಲ್ಲೇ ನಿಂತುಬಿಟ್ಟಳು. ಬೀಗ ತೆಗೆಸಿ ಕಾಮಿಕ್ ತಂದು ಅತ್ತೆಯ ಮುಂದೆ ಹಿಡಿದೆ.

“ಸತ್ತಾಕಿ ಇವಳು ಅತ್ತಿ, ನೀವಲ್ಲ!”

ಅತ್ತೆ ಚಿತ್ರ ನೋಡಿದಳು. “ಇಕೀಗೆ ನನ್ನ ಹೆಸರು ಇಟ್ಟಿ? ಮತ್ತ ನನ್ನ ತಬ್ಬಿಕೊಂಡ ಈ ಹಸರ ಪೈಜಾಮದಾಂವ ಯಾರು?”

ನಾನು ಪುಸ್ತಕ ಮುಚ್ಚಹೋದೆ. ಶರಣವ್ವ ಮೆಲ್ಲಗೆ ಪುಸ್ತಕ ಇಸಿದುಕೊಂಡು ಆ ಸಣ್ಣ ಅಕ್ಷರಗಳನ್ನು ಓದಿದಳು. ಎಲ್ಲೂ ತಡವರಿಸಲಿಲ್ಲ.

“ಇಕಿ ಸತ್ತಿಲ್ಲ ಅತ್ತಿ. ರೈಲಿನಾಗಿದ್ದವರನ್ನೆಲ್ಲ ಉಳಿಸಿ ಬಂದು, ‘ನನ್ನ ಲಗ್ನ ಆಗ್ತೀಯೇನು’ ಅಂತ ಅಂವ ಕೇಳ್ಯಾನ. ‘ಹೂಂ’ ಅಂದು ಇಕಿ ಸಂತೋಷಕ್ಕ ಎಚ್ಚರ ತಪ್ಪ್ಯಾಳ. ಅಂವ ಅಳೂದೂ ಸಂತೋಷಕ್ಕನ.”

ನಾನು ಬೆಪ್ಪಾದೆ. “ಇದನ್ನೆಲ್ಲಾ ಎಲ್ಲಿ ಕಲಿತಿ?”

“ನೀ ಆಫೀಸಿಗೆ ಹೋದ ಮ್ಯಾಲ ನಿನ್ನ ಡಿಕ್ಷನರಿ ಇಟ್ಕೊಂಡು ಕಲಿತೆ. ಅದು ಹೊಸಾದ ಇತ್ತು, ಯಾರೂ ತಗದಿರಲಿಲ್ಲ.”

ಗಂಡು ಮೊದಲ ಸಲ ನಕ್ಕ. ಅತ್ತೆ ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ಒಳಗೆ ನಡೆದು ಚಾಪೆಯ ಮೇಲೆ ಕೂತಳು. ನೀಲಕಂಠಪ್ಪ ಚಪ್ಪಲಿ ಬಿಟ್ಟ.

“ಹುಡುಗಿ ನಮಗ ಪಸಂದ್ ಅದಾಳ,” ಎಂದ. “ಆದರ ಒಂದು ಕರಾರು.”

ನಾನು ಕೈ ಮುಗಿದು ನಿಂತೆ. “ಏನ ಕೇಳಿದ್ರೂ ಆಗಲ್ರಿ.”

“ಲಗ್ನಪತ್ರಿಕಿ ನಿಮ್ಮ ತಂಗೀನ ಬರೀಲಿ. ನೀವು ಬರದರ ಮಂದಿ ಅಳಕೋತ ಬರ್ತಾರ!”