ಪ್ರೊಫೆಸರಮ್ಮನ ಐಡಿ ಕಾರ್ಡು

ಪುಕ್ಕಟೆಯಾಗಿ ಯಾರೂ ಯಾರಿಗೂ ಏನೂ ಮಾಡುವುದಿಲ್ಲ. ನಾನು ಸ್ಕೂಲಿಗೆ ಹೋಗಿದ್ದು ಅಷ್ಟಕ್ಕಷ್ಟೆ, ಆದರೂ ಇಷ್ಟು ಗೊತ್ತು. ನಾನು ಬಂದು ಉಳಿದಿರುವುದು ಅಮೆರಿಕದ ಕ್ಲಾರ್ಕ್ಸ್‌ಬರ್ಗಿನಲ್ಲಿ, ಮಗಳು ಸುಧಾಳ ಮನೆಯಲ್ಲಿ. ಅವಳು ನಮ್ಮ ಕಡೆ ಹುಡುಗಿಯರಿಗೆ ಇಲ್ಲಿ ಮಾಸ್ಟರ್ಸ್ ಸೀಟು ಹುಡುಕಿಕೊಡ್ತೀನಿ, ಕಾಸು ತಗೊಳ್ಳಲ್ಲ ಅಂದಾಗಲೇ ನನಗೆ ಅನುಮಾನ ಬಂತು.

ಓದಾದರೂ ಎಂಥದ್ದು? ಬಿಹೇವಿಯರ್ ಅನಾಲಿಸಿಸ್. ಹಟ ಮಾಡುವ ಮಕ್ಕಳು ಒಂಚೂರು ಸರಿಯಾಗಿ ನಡೆದುಕೊಂಡ ತಕ್ಷಣ, ಅವರಿಗೆ ಇಷ್ಟವಾದದ್ದು ಕೊಟ್ಟು ಒಳ್ಳೆಯ ಅಭ್ಯಾಸ ಕಲಿಸುವುದಂತೆ. ಸುಧಾಳ ಕೆಲಸವೂ ಅದೇ. ಇದಕ್ಕೆಲ್ಲ ಕಾಲೇಜು ಬೇರೆ!

ಮೈಸೂರಿನ ರಶ್ಮಿ ಅನ್ನುವ ಹುಡುಗಿಗೆ ಈ ಸಲ ಸೀಟು ಸಿಗದಿದ್ದರೆ ಮದುವೆ ಮಾಡಿಬಿಡುವುದೆಂದು ಅವರಪ್ಪ ಗಂಡು ನೋಡಿಟ್ಟಿದ್ದರು. ಕೊನೆಗೆ ಇಲ್ಲಿಯ ಶಾರ್ಲಟ್ ಅನ್ನುವ ಊರಿನ ಒಬ್ಬ ಪ್ರೊಫೆಸರಮ್ಮ, ಕನ್ನಡದವರೇ, ಅವಳನ್ನು ವಿಡಿಯೋದಲ್ಲಿ ಇಂಟರ್‌ವ್ಯೂ ಮಾಡಲು ಒಪ್ಪಿದರು. ಅವತ್ತು ಬೆಳಿಗ್ಗೆ ಸುಧಾ ಲ್ಯಾಪ್‌ಟಾಪ್ ತೆರೆದಿಟ್ಟು, "ಅಮ್ಮ, ಯಾರು ಬಂದರೂ ಸುಮ್ಮನಿರು" ಅಂತ ಹೇಳಿ ಮಗನನ್ನು ಸ್ಕೂಲ್ ಬಸ್ ಹತ್ತಿಸಲು ಹೋದಳು.

ಪರದೆಯ ಮೇಲೆ ಪ್ರೊಫೆಸರಮ್ಮ ಬಂದರು. ತುಟಿಗೆ ಬಣ್ಣ, ಬಾಯಿತುಂಬ ನಗು. ಮೋಸ ಮಾಡುವವರೇ ಹಾಗೆ ನಗುವುದು. ನಾನು ವಿಚಾರಣೆ ಆರಂಭಿಸಿದೆ. ಯಾವೂರು, ಯಾರ ಮಗಳು, ಯಜಮಾನರಿಗೆ ಏನು ಕೆಲಸ, ಎಲ್ಲ ಕೇಳಿದೆ. ಪಾಪ, ಎಲ್ಲದಕ್ಕೂ ಉತ್ತರ ಕೊಟ್ಟರು.

"ಒಂದು ಹುಡುಗಿಗೆ ಎಷ್ಟು ಕಮಿಷನ್?" ಅಂದೆ.

"ಆಂಟಿ, ನಾನು ಪಾಠ ಮಾಡೋಳು."

"ಎಲ್ಲಿ, ಐಡಿ ಕಾರ್ಡ್ ತೋರಿಸಿ."

ಬ್ಯಾಗು ತಡಕಾಡಿ ಕಾರ್ಡು ತೆಗೆದು ಹಿಡಿದರು. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಹಿಂದೆ ಮುಂದೆ ತಿರುಗಿಸಿ ಅಂದೆ. ತಿರುಗಿಸಿದರು. ಫೋಟೋ ನಿಮ್ಮ ಥರ ಇಲ್ಲ ಅಂದೆ. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ರಶ್ಮಿ ಮೂಡಿ, "ಅಜ್ಜೀ, ಬೇಡ" ಅಂದಳು. ಈ ಮೋಸದಿಂದ ಹುಡುಗಿ ಉಳಿಯಲಿ ಎಂದು ನಾನು ಕೆಂಪು ಬಟನ್ ಒತ್ತಿ ಕಾಲ್ ಕಟ್ ಮಾಡಿಬಿಟ್ಟೆ.

ಸುಧಾ ಬಂದು ವಿಷಯ ತಿಳಿದು ತಲೆ ಹಿಡಿದು ಕೂತಳು. ಅಲ್ಲಿ ರಶ್ಮಿಯ ಅಪ್ಪ ಗಂಡಿನ ಮನೆಗೆ ಫೋನ್ ಮಾಡಲು ಎದ್ದರಂತೆ. ಸುಧಾ ಕೈಕಾಲು ಹಿಡಿದಂತೆ ಬೇಡಿಕೊಂಡ ಮೇಲೆ ಪ್ರೊಫೆಸರಮ್ಮ ಮಾರನೇ ದಿನ ಮತ್ತೆ ಮಾತಾಡಲು ಒಪ್ಪಿದರು. ನನಗೆ ಮಾತ್ರ ಸುಧಾ ಒಂದು ಮಾತೂ ಬೈಯಲಿಲ್ಲ. ಅಲ್ಲೇ ಅನುಮಾನ ಬರಬೇಕಿತ್ತು.

ಮಾರನೇ ದಿನ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡಳು. ನಾನು ಬಾಯಿ ತೆರೆದರೆ ಏನೂ ಇಲ್ಲ. ಸುಮ್ಮನಿದ್ದರೆ ಮೆಲ್ಲಗೆ ಕೈಗೊಂದು ಕೋಡುಬಳೆ. ಮಗಳಿಗೆ ಕೊನೆಗೂ ಅಮ್ಮನ ಮೇಲೆ ಪ್ರೀತಿ ಬಂತು ಅಂದುಕೊಂಡು ಎಲ್ಲ ತಿಂದೆ.

ರಶ್ಮಿಗೆ ಸೀಟು ಸಿಕ್ಕಿತು. ಸುದ್ದಿ ಹೇಳಲು ಫೋನ್ ಮಾಡಿದವಳು, "ಅಕ್ಕ, ಅಜ್ಜಿ ಅವತ್ತು ಹೇಗೆ ಸುಮ್ಮನಿದ್ದರು?" ಅಂತ ಕೇಳಿದಳು.

"ಅದೇ ಕಣೇ ನೀನು ಓದೋಕೆ ಬರ್ತಿರೋದು" ಅಂದಳು ನನ್ನ ಮಗಳು.

ಈಗ ಅವಳ ಲ್ಯಾಪ್‌ಟಾಪ್ ಟಿಂಗ್ ಅಂದರೆ ಸಾಕು, ನಾನೇ ಬಾಯಿ ಮುಚ್ಚಿಕೊಂಡು ಕೈ ಚಾಚುತ್ತೇನೆ.