ಅಪ್ಪಟ ಸಲಿಂಗಿ

ಆಷಾಢ ಶುಕ್ರವಾರದ ಪೇಪರಿನಲ್ಲಿ ಒಂದು ಪದ ಬಂದಿತ್ತು. ಅದು ಬರದೇ ಇದ್ದಿದ್ದರೆ ಲಕ್ಷ್ಮೀಪುರಂನ ಚಂದ್ರಮೌಳಿ ಎಂದಿನಂತೆ ಬಾಯಿ ಮುಚ್ಚಿಕೊಂಡು, ತಲೆ ಬಾಚಿಕೊಂಡು, ಹೆಣ್ಣಿನ ಕಡೆಯವರ ಮುಂದೆ ಸಂತೆಗೆ ಹೊಡೆದುಕೊಂಡು ಬಂದ ಹೋರಿಯ ಹಾಗೆ ನಿಂತುಬಿಡುತ್ತಿದ್ದ.

ಎರಡು ಸಾವಿರದ ಒಂಬತ್ತನೇ ಇಸವಿ. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮೆಚ್ಚಿ ಕೂಡುವುದು ಅಪರಾಧವಲ್ಲ ಎಂದು ಹಿಂದಿನ ದಿನ ದೆಹಲಿಯ ಹೈಕೋರ್ಟು ಹೇಳಿತ್ತು. ಅಂಥವರನ್ನು ಪೇಪರಿನವರು 'ಸಲಿಂಗಿಗಳು' ಎಂದು ಕರೆದಿದ್ದರು. ಚಂದ್ರಮೌಳಿ ಆ ಪದವನ್ನು ಮತ್ತೆ ಮತ್ತೆ ಓದಿದ. ಅವನು ಹಾಸ್ಟೆಲಿನಲ್ಲಿದ್ದ ಕಾಲದಲ್ಲಿ ಇದಕ್ಕಿದ್ದ ಪದಗಳೆಲ್ಲ ಬೈಗುಳ. ಹೆತ್ತ ತಾಯಿಯ ಮುಂದೆ ಆಡುವಂಥವಲ್ಲ. ಈಗ ಯಾರೋ ಪುಣ್ಯಾತ್ಮರು ಅದಕ್ಕೆ ಸ್ನಾನ ಮಾಡಿಸಿ, ಪಂಚೆ ಉಡಿಸಿ, ಮನೆಯೊಳಗೆ ಕರೆಯಬಹುದಾದ ಹಾಗೆ ಮಾಡಿ ಕಳಿಸಿದ್ದರು.

ಹೇಳಲೇಬೇಕಾಗಿಯೂ ಇತ್ತು. ಉದಯಗಿರಿಯಲ್ಲಿ ಸ್ಕೂಟರ್ ಸೀಟು ಹೊಲಿಯುವ ಅಂಗಡಿ ಇಟ್ಟಿದ್ದ ದೇವರಾಜು ಹಿಂದಿನ ಭಾನುವಾರ ಕಡ್ಡಿ ಮುರಿದಂತೆ ಹೇಳಿದ್ದ. "ನೋಡು ಮೌಳಿ, ಇಷ್ಟು ವರ್ಷ ಸ್ನೇಹಿತ ಸ್ನೇಹಿತ ಅಂತ ನಿಮ್ಮನೇಲಿ ಉಂಡಿದ್ದು ಸಾಕು. ಈ ಸಲ ನೀನು ಬಾಯಿ ಬುಡ್ಲಿಲ್ಲ ಅಂದ್ರೆ ನಾನೂ ಊರಲ್ಲಿ ನೋಡಿರೋ ಹೆಣ್ಣಿಗೆ ತಾಳಿ ಕಟ್ಬುಡ್ತೀನಿ. ಇಬ್ರೂ ಹಾಳಾಗೋಣ."

ಅವತ್ತು ಮಧ್ಯಾಹ್ನ ಕುವೆಂಪುನಗರದ ಸಿದ್ದಲಿಂಗಸ್ವಾಮಿಯವರು ಗಂಡಿನ ಮನೆ ನೋಡಲು ಬರುವವರಿದ್ದರು. ಆಷಾಢದಲ್ಲಿ ಮದುವೆ ಮಾತು ಎತ್ತಬಾರದು ಎಂದು ಎಲ್ಲರೂ ಹೇಳಿದರೂ ಅವರಿಗೆ ಕಾಯುವ ತಾಳ್ಮೆ ಇರಲಿಲ್ಲ. ಮಗಳು ಶಿವಗಂಗಾಗೆ ಮೂವತ್ತಮೂರಾಗಿತ್ತು. ಹೋದ ವಾರ ಇವರು ಹೆಣ್ಣು ನೋಡಲು ಹೋಗಿದ್ದಾಗ, ಕಾಫಿ ಲೋಟ ಕೊಡುತ್ತಾ ಆ ಹುಡುಗಿ ಮೆಲ್ಲಗೆ, "ನಿಮಗೆ ನಿಜವಾಗ್ಲೂ ಇಷ್ಟ ಇದ್ರೆ ಮಾತ್ರ ಹೂಂ ಅನ್ನಿ" ಎಂದಿದ್ದಳು. ಆ ಮಾತನ್ನು ಚಂದ್ರಮೌಳಿಗೆ ಮರೆಯಲಾಗಿರಲಿಲ್ಲ.

ಅವನು ಪೇಪರ್ ಹಿಡಿದು ಅಡುಗೆಮನೆಗೆ ಹೋದ. ತಾಯಿ ನೀಲಮ್ಮ ಕೇಸರಿಬಾತಿಗೆ ರವೆ ಹುರಿಯುತ್ತಿದ್ದರು.

"ಅವ್ವ, ಒಂದು ಮಾತು. ನಾನು ಸಲಿಂಗಿ."

"ಗೊತ್ತಲ್ಲಪ್ಪ" ಎಂದರು ನೀಲಮ್ಮ, ಸೌಟು ನಿಲ್ಲಿಸದೆ.

ಚಂದ್ರಮೌಳಿ ಪೇಪರ್ ಕೆಳಗಿಳಿಸಿದ. "ಗೊತ್ತಾ?"

"ನಂಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರ್ತದೆ? ನಾನೇ ಮಠಕ್ಕೆ ಕರ್ಕೊಂಡೋಗಿ ಸ್ವಾಮಿಗಳ ಕೈಲಿ ಕಟ್ಟಿಸ್ಲಿಲ್ವ? ಕೊರಳಲ್ಲಿ ಲಿಂಗ ಇದ್ಮೇಲೆ ಸಲಿಂಗಿ ಅಲ್ದೆ ಇನ್ನೇನು."

"ಅದಲ್ಲ ಅವ್ವ. ಪೇಪರಲ್ಲಿ ಬಂದಿದೆ, ನೋಡು. ಕೋರ್ಟು ತಪ್ಪಲ್ಲ ಅಂದಿದೆ."

"ಲಿಂಗ ಕಟ್ಕೊಳ್ಳೋದು ಯಾವತ್ತಪ್ಪ ತಪ್ಪಾಗಿತ್ತು? ಕೋರ್ಟಿನೋರಿಗೆ ಬೇರೆ ಕೆಲ್ಸ ಇಲ್ಲ. ಹೋಗು, ಆ ದ್ರಾಕ್ಷಿ ಡಬ್ಬಿ ಇಳಿಸ್ಕೊಡು."

ಅವನು ದ್ರಾಕ್ಷಿ ಡಬ್ಬಿ ಇಳಿಸಿಕೊಟ್ಟ. ಆಯುಷ್ಯವೆಲ್ಲ ಕೂಡಿಟ್ಟುಕೊಂಡ ಧೈರ್ಯ ಹೀಗೆ ಒಲೆ ಮುಂದೆ ಬೂದಿಯಾಯಿತು. ಇನ್ನೊಂದು ಸಲ ಬಿಡಿಸಿ ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಎದುರು ಮನೆಯ ಚಾಮುಂಡಮ್ಮ ಬೆಟ್ಟದಿಂದ ಬಂದವರೇ ಕುಂಕುಮದ ಪೊಟ್ಟಣ ಹಿಡಿದು ಒಳಗೆ ನುಗ್ಗಿದರು.

"ಬನ್ನಿ ಚಾಮುಂಡಮ್ಮ" ಎಂದರು ನೀಲಮ್ಮ. "ನಮ್ಮ ಮೌಳಿ ಸಲಿಂಗಿ ಅಂತ ಇವತ್ತು ಪೇಪರಲ್ಲೇ ಹಾಕವ್ರಂತೆ."

ಚಾಮುಂಡಮ್ಮ ಪ್ರತಿದಿನ ಪೇಪರನ್ನು ಜಾಹೀರಾತಿನ ಸಮೇತ ಓದುವ ಹೆಂಗಸು. "ಪೇಪರಲ್ಲಾ? ಹೆಸರು ಹಾಕಿ?" ಎಂದರು. ಕುಂಕುಮದ ಪೊಟ್ಟಣ ರವೆಗೆ ಬಿತ್ತು.

"ಹೂಂ ಕಣಮ್ಮ. ಕೋರ್ಟಲ್ಲೂ ಗೆದ್ದವ್ನಂತೆ."

ಆಮೇಲೆ ಚಾಮುಂಡಮ್ಮ ಅಲ್ಲಿ ಇರಲಿಲ್ಲ. ಸ್ವಲ್ಪ ಹೊತ್ತಿಗೇ ಬೀದಿಯ ಒಂದೊಂದೇ ಕಾಂಪೌಂಡಿನ ಮೇಲೆ ಒಂದೊಂದೇ ತಲೆ, ಒಣಗಲು ಇಟ್ಟ ಮಡಕೆಗಳಂತೆ ಸಾಲಾಗಿ ಕಾಣಿಸಿಕೊಂಡಿತು. ತರಕಾರಿ ಗಾಡಿಯವನು ಕೂಗುವುದನ್ನು ಬಿಟ್ಟು ಚಂದ್ರಮೌಳಿಯನ್ನೇ ನೋಡುತ್ತಾ ನಿಂತ.

ಮೊದಲು ಬಂದವರು ನಿವೃತ್ತ ಹೆಡ್‌ಮೇಷ್ಟ್ರು ವೆಂಕಟಸುಬ್ಬಯ್ಯನವರು. ಚಂದ್ರಮೌಳಿಯನ್ನು ಜಗಲಿಗೆ ಕರೆದು ಭುಜ ತಟ್ಟಿದರು.

"ಗಾಬರಿ ಆಗ್ಬೇಡಪ್ಪ. ಇದೆಲ್ಲ ಮನಸ್ಸಿನ ಭ್ರಮೆ. ನನಗೂ ಕಾಲೇಜಲ್ಲಿ ಒಬ್ಬ ಸ್ನೇಹಿತ ಇದ್ದ. ಊಟ ನಿದ್ದೆ ಎಲ್ಲಾ ಅವನದೇ ಧ್ಯಾನ. ನಮ್ಮ ತಂದೆಯವರು ತಕ್ಷಣ ಮದುವೆ ಮಾಡಿದರು. ಸರಿಹೋಯ್ತು."

"ಸರಿಹೋಯ್ತಾ ಸಾರ್?"

ಮೇಷ್ಟ್ರು ಎದುರು ಮನೆಯ ಹೆಂಚು ನೋಡಿದರು. "ಅವನು ತೀರಿಕೊಂಡು ಬಹಳ ವರ್ಷ ಆಯ್ತು" ಎಂದರು. ಕೇಳಿದ್ದು ಅದಲ್ಲ. ಆಮೇಲೆ ಬಾಗಿಲಲ್ಲಿದ್ದ ನೀಲಮ್ಮನ ಚಪ್ಪಲಿ ಮೆಟ್ಟಿಕೊಂಡು ಬಿರಬಿರನೆ ನಡೆದುಬಿಟ್ಟರು.

ಮೇಷ್ಟ್ರು ಹೋದ ಹಿಂದೆಯೇ ಅಕ್ಕನ ಮಗಳು ಲಾಸ್ಯ ಕಾಲೇಜಿನಿಂದ ಬಂದಳು. ಬೀದಿಯ ತುದಿಯಲ್ಲೇ ಅವಳಿಗೆ ಸುದ್ದಿ ಮುಟ್ಟಿತ್ತು. ಬಂದವಳೇ ಮಾಮನನ್ನು ತಬ್ಬಿಕೊಂಡಳು.

"ಮಾಮ, ಎಷ್ಟು ಹೆಮ್ಮೆ ಆಯ್ತು ಗೊತ್ತಾ. ನಮ್ಮ ಕ್ಲಾಸಲ್ಲೂ ಇಬ್ರು ಇದಾರೆ. ಯಾರೂ ತಲೆನೇ ಕೆಡಿಸ್ಕೊಳ್ಳಲ್ಲ. ಎಲ್ರಿಗೂ ಮೆಸೇಜ್ ಮಾಡ್ಬಿಟ್ಟೆ."

"ಏನಂತ?"

"ನಮ್ಮ ಮಾಮನೂ ಅಂತ."

ಚಂದ್ರಮೌಳಿ ತಲೆ ಹಿಡಿದು ಕೂತ. ಅವನು ಕೆಲಸ ಮಾಡುತ್ತಿದ್ದದ್ದು ಅದೇ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ. ಹಳಬರು ಮದ್ದು ಹೇಳುತ್ತಿದ್ದರು, ಹೊಸಬರು ಡಂಗುರ ಹೊಡೆಯುತ್ತಿದ್ದರು. ಅವನಿಗೆ ಬೇಕಾಗಿದ್ದದ್ದು ಎರಡೂ ಅಲ್ಲ. ಅವ್ವ ಒಂದು ಸಲ ಕೇಳಿಸಿಕೊಂಡಿದ್ದರೆ ಸಾಕಿತ್ತು.

ಅಷ್ಟರಲ್ಲಿ ಗೇಟಿನ ಮುಂದೆ ಆಟೋ ನಿಂತಿತು.

ಸಿದ್ದಲಿಂಗಸ್ವಾಮಿಯವರು ಹಾರ್ಡ್‌ವೇರ್ ಅಂಗಡಿ ನಡೆಸಿದವರು. ಮನುಷ್ಯರನ್ನೂ ಮೊಳೆಯಂತೆ ಬೆರಳಲ್ಲಿ ಹೊರಳಿಸಿ ನೋಡುವ ಅಭ್ಯಾಸ. ಸೂರು ನೋಡಿದರು, ನಲ್ಲಿ ತಿರುಗಿಸಿದರು, ಕೂತರು. ಕಿಟಕಿಯಾಚೆ ಚಾಮುಂಡಮ್ಮ ಸೊಪ್ಪು ಬಿಡಿಸುವ ನೆಪದಲ್ಲಿ ನಿಂತಿದ್ದರು.

"ಹುಡುಗನಿಗೆ ಆಚಾರ ವಿಚಾರ ಹೆಂಗೆ ತಾಯಿ?" ಎಂದು ಕೇಳಿದರು ಸ್ವಾಮಿಯವರು.

ನೀಲಮ್ಮ ಸೆರಗು ಸರಿಮಾಡಿಕೊಂಡರು. "ಅದರಲ್ಲಿ ಮಾತೇ ಇಲ್ಲ. ನನ್ನ ಮಗ ಅಪ್ಪಟ ಸಲಿಂಗಿ."

ಸ್ವಾಮಿಯವರ ಬಾಯಿಗೆ ಹೋಗುತ್ತಿದ್ದ ಕೇಸರಿಬಾತಿನ ಚಮಚ ಅರ್ಧ ದಾರಿಯಲ್ಲೇ ನಿಂತಿತು. ಅವರೂ ಪೇಪರ್ ಓದಿದ್ದರು.

"ಅಜ್ಜಿ" ಎಂದಳು ಲಾಸ್ಯ, "ನಿಂಗೆ ಅರ್ಥ ಗೊತ್ತಿಲ್ಲ." ಹಾಗೆಂದು ಅಜ್ಜಿಯ ಕಿವಿಯಲ್ಲಿ ಹೇಳಿದಳು. ಹುಡುಗಿಯ ಪಿಸುಮಾತು ಬೀದಿಗೆಲ್ಲ ಕೇಳಿಸಿತು.

ನೀಲಮ್ಮ ಮಗನ ಕಡೆ ತಿರುಗಿದರು. "ಹೌದೇನೋ?"

"ಹೌದು ಅವ್ವ."

"ಅಂದ್ರೆ, ದೇವರಾಜು?"

"ಹೌದು."

"ಅವನಿಗಾ ನಾನು ಅಷ್ಟು ವರ್ಷ ಕಾದು ಕಾದು ಹೋಳಿಗೆ ತಟ್ಟಿದ್ದು?"

ಚಂದ್ರಮೌಳಿಗೆ ವಿಚಿತ್ರವಾದ ನೆಮ್ಮದಿಯಾಯಿತು. ಮುಗಿಯಿತು. ಇನ್ನು ಸ್ವಾಮಿಯವರು ತಟ್ಟೆ ತಳ್ಳಿ ಎದ್ದುಹೋಗುತ್ತಾರೆ, ಅವ್ವ ಅಳುತ್ತಾಳೆ, ಬೀದಿ ನಗುತ್ತದೆ. ಆದರೆ ಶಿವಗಂಗಾ ಬಚಾವಾಗುತ್ತಾಳೆ. ತಾನೂ ಬಚಾವು.

ಸಿದ್ದಲಿಂಗಸ್ವಾಮಿಯವರು ಚಮಚವನ್ನು ಬಾಯಿಗಿಟ್ಟುಕೊಂಡರು. ನಿಧಾನವಾಗಿ ನುಂಗಿದರು.

"ಕುಡಿಯೋದು?"

"ಇಲ್ಲ."

"ಇಸ್ಪೀಟು?"

"ಇಲ್ಲ."

"ಹೆಂಗಸರ ಸಹವಾಸ?"

"ಅದನ್ನೇ ತಾತ ನಾವು ಹೇಳ್ತಿರೋದು" ಎಂದಳು ಲಾಸ್ಯ.

"ಮತ್ತಿನ್ನೇನು ತಾಯಿ" ಎಂದರು ಸ್ವಾಮಿಯವರು ನೀಲಮ್ಮನಿಗೆ. "ಮೊದ್ಲು ಬಂದಿದ್ದ ಗಂಡು ಸಂಜೆಯಾದ್ರೆ ಚರಂಡೀಲಿ ಬೀಳೋನು. ಆಮೇಲೆ ಬಂದೋನಿಗೆ ನಂಜನಗೂಡಲ್ಲಿ ಇನ್ನೊಂದು ಸಂಸಾರ. ನಿಮ್ಮ ಮಗ ಪರಸ್ತ್ರೀ ಕಡೆ ಕಣ್ಣೆತ್ತಿ ನೋಡಲ್ಲ. ನಿನ್ನೆವರೆಗೂ ಆಗಿದ್ರೆ ನಾನೂ ಹಿಂದೇಟು ಹಾಕ್ತಿದ್ದೆ, ಪೊಲೀಸು ಜೈಲು ಅಂತ. ಈಗ ಕೋರ್ಟೇ ತಪ್ಪಲ್ಲ ಅಂದ್ಮೇಲೆ ನಮ್ಮದೇನು ತಕರಾರು?"

ಚಂದ್ರಮೌಳಿ ಎದ್ದು ನಿಂತ. "ಸ್ವಾಮಿ, ನಿಮ್ಮ ಮಗಳಿಗೆ ಅನ್ಯಾಯ ಆಗುತ್ತೆ. ಅವರನ್ನ ಒಂದು ಮಾತು ಕೇಳಿ."

"ಮೂವತ್ಮೂರು ತುಂಬಿರೋಳನ್ನ ಕೇಳೋದೇನ್ರೀ? ತಾಳಿ ಒಂದಿದ್ರೆ ಸಾಕು, ಮಿಕ್ಕಿದ್ದನ್ನ ಯಾರು ಒಳಗೆ ಬಂದು ನೋಡ್ತಾರೆ? ನಿಮ್ಮ ಆ ಸ್ನೇಹಿತರೂ ಬಂದು ಹೋಗಿ ಮಾಡ್ಕೊಂಡಿರ್ಲಿ, ನಂದೇನಿಲ್ಲ."

"ನಾನು ಒಲ್ಲೆ."

ಆಗ ನೀಲಮ್ಮ ಬಗ್ಗಿದರು. ಏನೋ ಬಿದ್ದಿದೆ, ಹೆಕ್ಕಿಕೊಳ್ಳುತ್ತಿದ್ದಾರೆ ಎಂದುಕೊಂಡ ಚಂದ್ರಮೌಳಿ. ಅವರು ಅವನ ಎರಡೂ ಕಾಲು ಹಿಡಿದುಕೊಂಡರು. ಹೆತ್ತವಳು, ಕಿಟಕಿಯಲ್ಲಿ ಅಷ್ಟು ಜನ ನೋಡುತ್ತಿರುವಾಗ. "ನಾನು ಈ ಬೀದೀಲಿ ನಾಳೆ ಓಡಾಡ್ಬೇಕು ಕಣಪ್ಪ" ಎಂದರು. ಅಷ್ಟೇ ಹೇಳಿದ್ದು.

ಅವನ ಬಾಯಿಂದ ಮಾತು ಹೊರಡಲಿಲ್ಲ. ಲಾಸ್ಯ ಏನೋ ಹೇಳಲು ಹೋದವಳು ಅಜ್ಜಿಯನ್ನು ನೋಡಿ ಸುಮ್ಮನಾದಳು. ಗಂಡು ಸುಮ್ಮನಿದ್ದರೆ ನಮ್ಮ ಕಡೆ ಅದನ್ನು ಒಪ್ಪಿಗೆ ಎನ್ನುತ್ತಾರೆ. ಎಲೆ ಅಡಿಕೆ ಬದಲಾಯಿತು. ಶ್ರಾವಣದಲ್ಲೇ ಲಗ್ನವೆಂದಾಯಿತು. ಚಾಮುಂಡಮ್ಮ ಸೊಪ್ಪು ಬಿಟ್ಟು ಒಳಗೆ ಬಂದು, ತಾನೇ ಕುದುರಿಸಿದ ಸಂಬಂಧವೆಂಬಂತೆ ಕೇಸರಿಬಾತು ಬಡಿಸತೊಡಗಿದರು.

ಚಂದ್ರಮೌಳಿಯ ಜೇಬಿನಲ್ಲಿ ಮೊಬೈಲ್ ಹೊಡೆದುಕೊಂಡಿತು. ಅವನು ಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ಹಾಕಿದ.

"ಹೇಳಿದ್ಯಾ?" ಎಂದ ದೇವರಾಜು.

"ಹೇಳ್ದೆ."

"ನಿಮ್ಮವ್ವಂಗೂ?"

"ಅವ್ವಂಗೂ. ಹೆಣ್ಣಿನ ಕಡೆಯವರಿಗೂ."

"ಏನಂದ್ರು?"

ಚಂದ್ರಮೌಳಿ ಬಾಗಿಲ ಕಡೆ ನೋಡಿದ. "ಒಪ್ಪಿದ್ರು" ಎಂದ.

ಆಚೆ ಕಡೆಯಿಂದ ಬಿಕ್ಕುವ ದನಿ ಬಂತು. ದಬ್ಬಳ ಹಿಡಿದು ಹಿಡಿದು ಕೈ ಗಟ್ಟಿಯಾಗಿದ್ದ ಆ ಗಂಡಸು ಮಗುವಿನಂತೆ ಅಳುತ್ತಿದ್ದ. "ಒಪ್ಪಿದ್ರಾ? ನಿಮ್ಮವ್ವ ಒಪ್ಪಿದ್ರಾ? ಈ ಜನ್ಮದಲ್ಲಿ ಆಯ್ತದೆ ಅಂದ್ಕೊಂಡಿರ್ಲಿಲ್ಲ ಕಣೋ."

"ದೇವರಾಜು, ಅದು ಹಂಗಲ್ಲ..."

"ಏನೂ ಹೇಳ್ಬ್ಯಾಡ, ಸುಮ್ಕಿರು. ಬೆಳಗ್ಗೆ ಪೇಪರ್ ನೋಡ್ದೋನೇ, ಇವತ್ತು ನೀನು ಹೇಳೇ ಹೇಳ್ತೀಯ ಅಂತ ಊರಿಗೆ ಫೋನ್ ಮಾಡಿ ಹೆಣ್ಣು ಬ್ಯಾಡ ಅಂದ್ಬುಟ್ಟೆ. ನಮ್ಮಪ್ಪ ಮನೆಗೆ ಕಾಲಿಡ್ಬ್ಯಾಡ ಅಂದ್ರು. ಹೋಗ್ಲಿ ಬುಡು. ನಿಮ್ಮ ಬೀದೀಲೇ ಇದೀನಿ, ಅವ್ವನ ಕಾಲಿಗೆ ಬಿದ್ದು ಹೋಗ್ತೀನಿ."

ಚಂದ್ರಮೌಳಿ ಕಿಟಕಿಗೆ ಓಡಿದ. ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿ ದೇವರಾಜು ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಚಾಮುಂಡಮ್ಮ ತಟ್ಟೆ ಹಿಡಿದು ಎದುರು ಹೋಗಿದ್ದರು.

"ಬಾಪ್ಪ ದೇವರಾಜು, ಒಳ್ಳೆ ಹೊತ್ತಿಗೆ ಬಂದೆ. ಎಲ್ಲಾ ಒಪ್ಕೊಂಡ್ರು. ಬಾಯಿ ಸಿಹಿ ಮಾಡ್ಕೊ."

ದೇವರಾಜು ಎರಡೂ ಕೈ ಒಡ್ಡಿ ಇಸಿದುಕೊಂಡ. ನಗುತ್ತಾ, ಗೇಟಿನಲ್ಲೇ ನಿಂತು ತಿಂದ.